ನಮ್ಮಣ್ಣ ತನ್ನ ಮನೆಗೇ ಸಾಲು ನಿಂತದ್ದು

“ಮಾರೋದಾದ್ರೆ ಮಾರ್ರೀ! ಆದ್ರೆ ಮೊದಲು ನನ್ನನ್ನೂ ಆ ತೊಟ್ಟಿಯೊಳಗೆ ಕೂರಿಸಿ ಮೇಲೆ ನಾಲ್ಕು ಬೊಗಸೆ ಉಪ್ಪು ಸುರಿದುಬಿಡಿ! ಕೋಸಿನ ಥರ ನಾನೂ ಒಂದು ರಾತ್ರಿ ನೆನೆದು ಮೆತ್ತಗಾಗ್ತೀನಿ. ಆಮೇಲೆ ನೀವು ಹೇಳಿದ್ದಕ್ಕೆಲ್ಲ ಹೂಂ ಅಂತೀನಿ!”

“ಅಯ್ಯೋ, ಮಾರ್ತೀನಿ ಅಂತ ಯಾರಂದ್ರು? ಆ ಸಾಹುಕಾರರ ಜೊತೆ ಸುಮ್ನೆ ಮಾತಾಡ್ತೀನಿ ಅಂದೆ ಅಷ್ಟೇ.”

“ಸುಮ್ನೆ ಮಾತಾಡೋಕೆ ತಲೆಗೆ ಎಣ್ಣೆ ಯಾಕೆ? ಮದುವೆ ಸೂಟು ಯಾಕೆ? ಕಿಮ್ಚಿ ಹಾಕೋ ದಿನ ಸೂಟು ಹಾಕ್ಕೊಂಡು ಅಂಗಳದಲ್ಲಿ ಓಡಾಡೋ ಗಂಡಸನ್ನ ನಾನು ಈ ಜನ್ಮದಲ್ಲಿ ನೋಡಿಲ್ಲ!”

“ಚಳಿ ಅಂತ ಹಾಕ್ಕೊಂಡೆ.”

“ಚಳಿ ಅಂತೆ! ಟೈ ಕಟ್ಟಿದ್ರೆ ಕತ್ತಿಗೆ ಬೆಚ್ಚಗಾಗತ್ತಾ?”

ಹೀಗೆ ಕೂಗುತ್ತಿದ್ದವಳು ನಮ್ಮತ್ತಿಗೆ ಓಕ್ಬುನ್. ಗೋಡೆಗೆ ಅಂಟಿಕೊಂಡು ಉತ್ತರ ಹುಡುಕುತ್ತಿದ್ದವನು ನನ್ನ ಒಡಹುಟ್ಟಿದ ಅಣ್ಣ ತಾಕ್ ಬೊಂಗು. ಇಬ್ಬರ ನಡುವೆ ಕುಕ್ಕರಗಾಲಲ್ಲಿ ಕೂತು ಮೂಲಂಗಿ ಹೆಚ್ಚುತ್ತಿದ್ದವಳು ನಾನು, ಮಾಲ್ಸುನ್. ದೋಣಿಕಟ್ಟೆಯ ಹತ್ತಿರ ನನ್ನದೊಂದು ಒಣಮೀನಿನ ಅಂಗಡಿ ಇದೆ. ನನ್ನ ಬಾಯಿ ಕೆಟ್ಟದ್ದು ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಊರು ಕೆಟ್ಟಷ್ಟು ನನ್ನ ಬಾಯಿ ಕೆಟ್ಟಿಲ್ಲ.

ನಮ್ಮ ಗಾಲ್ಪೋ ಹಿಂದೆ ಬಹಳ ಸುಖವಾದ ಊರು. ಸಮುದ್ರ ಶಾಂತವಾಗಿದ್ದರೆ ಗಂಡಸರು ಮೀನಿಗೆ ಹೋಗುತ್ತಿದ್ದರು. ಅಲೆ ಎದ್ದರೆ ಅಲೆಗೆ ಬೈದು, ಕುಡಿದು, ಮಲಗುತ್ತಿದ್ದರು. ಆಮೇಲೆ ಒಂದು ದಿನ ಸಿಯೋಲಿನಿಂದ ಉದ್ದುದ್ದ ಹಲಗೆ ಹೊತ್ತ ನಾಲ್ಕು ಹುಡುಗರು ಬಂದರು. ನಾವು ಬೈಯುವ ಅಲೆಯೇ ಅವರಿಗೆ ಬೇಕಾಗಿತ್ತು. ಅದರ ಮೇಲೆ ಹಲಗೆ ಇಟ್ಟು ನಿಲ್ಲುವುದು, ಬೀಳುವುದು, ಮತ್ತೆ ನಿಲ್ಲುವುದು. ಕತ್ತಲಾದರೆ ಬಲೆ ಕೊಟ್ಟಿಗೆಯಲ್ಲಿ ಮಲಗುವುದು. ಸೋಮಾರಿತನದಲ್ಲಿ ನಮ್ಮವರನ್ನೇ ಮೀರಿಸಿದ್ದರಿಂದ ಊರಿಗೆ ಅವರು ಬಹಳ ಹಿಡಿಸಿದರು. ‘ಹಲಗೆಯವರು’ ಎಂದು ಹೆಸರಿಟ್ಟು ಸಾಕಿಕೊಂಡೆವು. ಇಲ್ಲಿಯವರೆಗೆ ಎಲ್ಲ ಸರಿ.

ಬೀಳುವವರ ಹಿಂದೆ, ಬೀಳುವುದನ್ನು ನೋಡುವವರು ಬಂದರು. ನೋಡುವವರ ಹಿಂದೆ ಅವರಿಗೆ ಕಾಫಿ ಮಾರುವವರು ಬಂದರು. ಕಾಫಿ ಮಾರುವವರ ಹಿಂದೆ ನೆಲ ಕೊಳ್ಳುವವರು ಬಂದರು. ಈಗ ನಮ್ಮ ಅಕ್ಕಿ ಗಿರಣಿ ಒಂದು ಕಾಫಿ ಅಂಗಡಿ. ಹೆಸರು ‘ಅಕ್ಕಿ ಗಿರಣಿ’. ಅಕ್ಕಿ ಕೇಳಿದರೆ ನಗುತ್ತಾರೆ. ಕ್ಷೌರದಂಗಡಿಯೂ ಕಾಫಿ ಅಂಗಡಿ. ಹೆಸರು ‘ಕ್ಷೌರದಂಗಡಿ’. ಹಳೆಯ ಕನ್ನಡಿ, ಹಳೆಯ ಕುರ್ಚಿ ಎಲ್ಲ ಹಾಗೇ ಇಟ್ಟಿದ್ದಾರೆ. ನಮ್ಮಣ್ಣ ಅಭ್ಯಾಸಬಲದಿಂದ ಒಳಗೆ ಹೋಗಿ, ಆ ಕುರ್ಚಿಯಲ್ಲಿ ಕೂತು, ತಲೆ ಹಿಂದಕ್ಕೊರಗಿಸಿ ಕಣ್ಣು ಮುಚ್ಚಿದ. ಕಣ್ಣು ಬಿಟ್ಟಾಗ ಎದುರಿಗೆ ಒಂದು ಹುಡುಗಿ ಕಾಫಿ ಹಿಡಿದು ನಿಂತಿದ್ದಳು. ಬೇಡ ಎನ್ನಲು ನಾಚಿಕೆಯಾಗಿ ಕುಡಿದು, ದುಡ್ಡು ಕೊಟ್ಟು, ಬೆಳೆದ ಕೂದಲಿನೊಂದಿಗೆ ಮನೆಗೆ ಬಂದ. ನಮ್ಮಣ್ಣ ಎಂಥವನು ಎಂದು ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಇವನ್ನೆಲ್ಲ ಕೊಂಡವನು ನಾಮ್ಗುಂಗ್ ಎಂಬ ಸಿಯೋಲಿನ ಸಾಹುಕಾರ. ಒಂಟೆ ಬಣ್ಣದ ಉದ್ದ ಕೋಟು, ಒರೆಸಿಟ್ಟ ಹಾಗಿರುವ ಮುಖ. ಸಮುದ್ರಕ್ಕೆ ಮುಖ ಮಾಡಿದ ನಮ್ಮ ಓಣಿಯಲ್ಲಿ ಅವನು ಕೊಳ್ಳದೆ ಉಳಿದಿದ್ದ ಮನೆ ಅಣ್ಣನದು ಒಂದೇ. ಬಾವಿ, ಅಂಗಳ, ಗೇಟಿನ ಪಕ್ಕ ಹಳೇ ಕಾಲದ ಕಕ್ಕಸು, ಎಲ್ಲ ಇರುವ ಮನೆ. ಅದಕ್ಕೇ ಓಣಿಯ ಹೆಂಗಸರೆಲ್ಲ ಚಳಿಗಾಲಕ್ಕೆ ಕಿಮ್ಚಿ, ಅಂದರೆ ಖಾರ ತುಂಬಿದ ಕೋಸಿನ ಉಪ್ಪಿನಕಾಯಿ, ಹಾಕಲು ಅಲ್ಲಿಗೇ ಬರುವುದು. ಮನೆ ಮಾರಿ ಪೇಟೆಯ ಎತ್ತರದ ಕಟ್ಟಡಗಳಿಗೆ ಹೋದವರೂ ಬಸ್ಸು ಹತ್ತಿ ಬರುತ್ತಾರೆ. ಆ ಕಟ್ಟಡದ ಮನೆಗಳಲ್ಲಿ ಕೋಸು ಎಲ್ಲಿ ನೆನೆಹಾಕಬೇಕು? ಒಬ್ಬಳು ಸ್ನಾನದ ತೊಟ್ಟಿಯಲ್ಲೇ ನೆನೆಹಾಕಿದಳು. ಆ ವರ್ಷ ಸ್ನಾನವಿಲ್ಲದೆ ಅವಳ ಗಂಡನ ಮೈಗೆ ಮೀನಿನ ವಾಸನೆ, ಕಿಮ್ಚಿಗೆ ಸೋಪಿನ ವಾಸನೆ.

ಆದರೆ ಅಣ್ಣನಿಗೆ ಹತ್ತಿದ ಹುಚ್ಚೇ ಬೇರೆ. ಲಿಫ್ಟಿನ ಹುಚ್ಚು. ಪೇಟೆಯಲ್ಲಿ ಗೆಳೆಯನೊಬ್ಬನ ಮನೆ ನೋಡಲು ಹೋದವನು, ಗೆಳೆಯನನ್ನು ಮರೆತು ಮಧ್ಯಾಹ್ನವೆಲ್ಲ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿದ. ಕೊನೆಗೆ ಕಾವಲುಗಾರ ಬಂದು, “ಯಜಮಾನ್ರೇ, ಯಾವ ಮಹಡಿ ನಿಮ್ದು?” ಎಂದು ಕೇಳಿದನಂತೆ. “ಇನ್ನೂ ಗೊತ್ತಿಲ್ಲ,” ಎಂದು ಅಣ್ಣ ಗಂಭೀರವಾಗಿ ಹೇಳಿದನಂತೆ. ಅಂದಿನಿಂದ ಒಂದೇ ರಾಗ: “ಮಾಲ್ಸುನ್, ಗುಂಡಿ ಒತ್ತಿದ್ರೆ ಸಾಕು ಕಣೇ, ಮನೆ ಬಾಗಿಲು ತಾನಾಗೇ ಎದುರಿಗೆ ಬಂದು ನಿಲ್ಲತ್ತೆ!”

ಕಿಮ್ಚಿ ಹಾಕುವ ದಿನವೇ ಬರಲು ನಾಮ್ಗುಂಗನಿಗೆ ಹೇಳಿದ್ದೂ ಅಣ್ಣನ ಬುದ್ಧಿವಂತಿಕೆಯೇ. ಅವತ್ತು ಹೆಂಡತಿಯ ಕೈ ಮೊಣಕೈವರೆಗೆ ಖಾರದಲ್ಲಿರುತ್ತದೆ, ಕೊರಳಪಟ್ಟಿ ಹಿಡಿಯಲಾರಳು ಎಂಬುದು ಅವನ ಲೆಕ್ಕ.

ಕಾಗದಕ್ಕೆ ಸಹಿ ಸಾಲದು, ಮೊಹರು ಬೇಕು. ತಾಕ್ ಬೊಂಗು ಎಂದು ಕೆತ್ತಿದ, ಬೆರಳುದ್ದದ, ಎತ್ತಿನ ಕೊಂಬಿನ ಮೊಹರು. ಅದಿಲ್ಲದೆ ನಮ್ಮ ದೇಶದಲ್ಲಿ ಮನೆಯೂ ಕೈ ಬದಲಾಗುವುದಿಲ್ಲ. ಅದು ಅತ್ತಿಗೆಯ ರಜಾಯಿಗಳ ಅಡಿಯಲ್ಲಿರುತ್ತಿತ್ತು. ಜಗಳ ಒಂದು ಗಳಿಗೆ ನಿಂತಾಗ ಅಣ್ಣ ಒಳಗೆ ಹೋಗಿ ಅದನ್ನು ಎತ್ತಿಕೊಂಡ. ಅಂಗಳ ದಾಟುವಾಗ ಎದುರಿಗೆ ಬಕೆಟ್ಟು ಹಿಡಿದು ಅತ್ತಿಗೆ ಬಂದಳು. ಜೇಬಿಗೆ ಹಾಕಿಕೊಳ್ಳೋಣ ಎಂದರೆ ಮದುವೆ ಸೂಟಿನ ಜೇಬಿನ ಹೊಲಿಗೆಯನ್ನು ಮದುವೆಯಾದಾಗಿನಿಂದ ಯಾರೂ ಬಿಚ್ಚಿರಲಿಲ್ಲ. ಪಕ್ಕದಲ್ಲಿ, ಮರದ ಜಗಲಿಯ ಮೇಲೆ, ತೊಳೆದ ಕೋಸುಗಳು ನೀರು ಸೋರಲು ಗುಡ್ಡ ಹಾಕಿದ್ದವು. ಅಣ್ಣ ಒಂದು ಕೋಸಿನ ಎಲೆಗಳ ನಡುವೆ ಮೊಹರು ತುರುಕಿ, ಹೊರ ಎಲೆ ಹರಿದಿದೆ ಎಂದು ಗುರುತಿಟ್ಟುಕೊಂಡು, ಸಿಳ್ಳೆ ಹಾಕುತ್ತ ಗೇಟು ದಾಟಿದ. ಇದನ್ನೆಲ್ಲ ಅವನೇ ಆಮೇಲೆ ಹೇಳಿದ್ದು. ಒಂದು ರಾತ್ರಿ ಉಪ್ಪಿನಲ್ಲಿ ನೆನೆದ ಕೋಸು ಯಾವುದರ ಹೊರ ಎಲೆ ತಾನೇ ಹರಿದಿರುವುದಿಲ್ಲ? ಅರವತ್ತು ವರ್ಷ ಕಿಮ್ಚಿ ತಿಂದವನಿಗೆ ಇದು ಗೊತ್ತಿರಲಿಲ್ಲ.

ಹೊರಗೆ ಹೋದದ್ದು ನಾಮ್ಗುಂಗನಿಗೆ ಫೋನು ಮಾಡಲು. ಹೆಂಡತಿಗೆ ಕೇಳಿಸಬಾರದೆಂದು ದೋಣಿಕಟ್ಟೆಯ ತುದಿಯವರೆಗೂ ಹೋದ.

ಇತ್ತ ಗೇಟಿನ ಹತ್ತಿರ ಹಸಿರು ಬಣ್ಣದ ಕೂದಲಿನ ಹಲಗೆ ಹುಡುಗನೊಬ್ಬ ಬಂದು ಕಾಲು ಕಾಲು ಹೊಸೆಯುತ್ತ ನಿಂತ. ದಂಡೆಯ ಸಾರ್ವಜನಿಕ ಕಕ್ಕಸಿಗೆ ಚಳಿಗಾಲ ಎಂದು ಬೀಗ ಹಾಕಿದ್ದರು.

“ಅಮ್ಮಾ, ಒಂದ್ನಿಮಿಷ ನಿಮ್ಮ ಕಕ್ಕಸಿಗೆ ಹೋಗ್ಲಾ?”

“ಹೋಗಪ್ಪಾ, ಕೇಳ್ಬೇಕಾ?” ಅಂದಳು ಅತ್ತಿಗೆ.

ಅವನು ಒಳಗಿದ್ದಾಗ ಇನ್ನೊಬ್ಬ ಬಂದು ಬಾಗಿಲ ಮುಂದೆ ನಿಂತ. ಅವನ ಹಿಂದೆ ಇಬ್ಬರು ಹುಡುಗಿಯರು. ಸಾಲು ಗೇಟಿನಿಂದಾಚೆ ಬಂತು. ಸಿಯೋಲಿನವರ ವಿಷಯ ನಿಮಗೆ ಹೇಳಬೇಕು. ಸಾಲು ಕಂಡರೆ ಅವರ ಕಾಲು ತಾನಾಗಿಯೇ ಹೋಗಿ ಅದರ ಬಾಲಕ್ಕೆ ಸೇರಿಕೊಳ್ಳುತ್ತದೆ. ಏನಕ್ಕೆ ಸಾಲು ಎಂದು ಆಮೇಲೆ ಕೇಳುತ್ತಾರೆ. ಇಲ್ಲಿ ನೋಡಿದರೆ ಅಂಗಳದಲ್ಲಿ ಕೆಂಪು ರಬ್ಬರ್ ಕೈಗವಸು ತೊಟ್ಟ ಮುದುಕಿಯರು, ಹಂಡೆಯಲ್ಲಿ ಹಂದಿಮಾಂಸ ಬೇಯುವ ಹಬೆ, ಮೇಲೆ ಬೋರ್ಡಿಲ್ಲ.

“ಬೋರ್ಡೇ ಇಲ್ಲ ನೋಡು!” ಎಂದು ಒಬ್ಬಳು ಪಿಸುಗುಟ್ಟಿದಳು. “ಬೋರ್ಡಿಲ್ಲ ಅಂದ್ರೆ ಭಾರೀ ಹೋಟ್ಲೇ ಇರ್ಬೇಕು.”

“ಬಡಿಸೋರು ನಮ್ಮ ಕಡೆ ನೋಡ್ತಾನೂ ಇಲ್ಲ.”

“ಹಾಗಾದ್ರೆ ಇನ್ನೂ ಭಾರೀದು!”

ಅಣ್ಣ ವಾಪಸು ಬರುವ ಹೊತ್ತಿಗೆ ಸಾಲು ‘ಕ್ಷೌರದಂಗಡಿ’ ದಾಟಿ ‘ಅಕ್ಕಿ ಗಿರಣಿ’ ಮುಟ್ಟಿತ್ತು. ಅವನು ಗೇಟಿನೊಳಗೆ ಕಾಲಿಟ್ಟದ್ದೇ ತಡ, ಹತ್ತಾರು ಗಂಟಲು ಒಟ್ಟಿಗೆ ಎದ್ದವು.

“ಅಂಕಲ್! ಸಾಲು ಕಾಣಲ್ವಾ?”

“ಇದು ನನ್ನ ಮನೆ!”

“ಎಲ್ರಿಗೂ ಹಸಿವಾಗತ್ತೆ ಅಂಕಲ್. ಸುಳ್ಳು ಹೇಳ್ಬೇಡಿ.”

“ಅಯ್ಯೋ, ನಿಜವಾಗ್ಲೂ ನನ್ನ ಮನೆ! ಒಳಗೆ ನನ್ನ ಹೆಂಡ್ತಿ ಇದಾಳೆ!”

“ಮನೆ ಯಜಮಾನ ಟೈ ಕಟ್ಕೊಂಡು ಬರ್ತಾನಾ?” ಅಂದ ಹಸಿರು ಕೂದಲಿನವನು. ಅವನ ಕೆಲಸ ಆಗಲೇ ಮುಗಿದಿತ್ತು. ಆದರೆ ತನ್ನ ಹಿಂದೆ ಅಷ್ಟು ಜನ ನಿಂತದ್ದು ನೋಡಿ, ಒಳಗೆ ಏನೋ ವಿಶೇಷವಿದೆ ಎಂದು ಅವನೂ ಮತ್ತೆ ಸಾಲಿಗೆ ಸೇರಿದ್ದ.

ಅಣ್ಣ ಜೋರಾಗಿ ಕೂಗುವಂತಿರಲಿಲ್ಲ. ಕೂಗಿದರೆ ಅತ್ತಿಗೆ ಬಂದು, ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುತ್ತಾಳೆ. ಕೂಗದಿದ್ದರೆ ಒಳಗೆ ಕೋಸುಗಳಿಗೆ ಮಸಾಲೆ ತುಂಬಲು ಶುರುವಾಗುತ್ತದೆ, ಮೊಹರು ಗುಡಾಣದ ತಳ ಸೇರಿ ವಸಂತ ಬರುವವರೆಗೂ ಹುಳಿಯಾಗುತ್ತದೆ. ಅವನು ಬೆವರೊರೆಸಿಕೊಂಡು, ಸಾಲಿನುದ್ದಕ್ಕೂ ನಡೆದು, ಬಾಲದಲ್ಲಿ ಹೋಗಿ ನಿಂತ. ತನ್ನ ಮನೆಗೆ ಹೋಗಲು. ಮದುವೆ ಸೂಟಿನಲ್ಲಿ.

“ಇಲ್ಲಿ ಏನು ಚೆನ್ನಾಗಿರತ್ತೆ ಅಂಕಲ್?” ಎಂದು ಮುಂದಿನವಳು ಕೇಳಿದಳು.

“ಬೆಳಿಗ್ಗೆಯಿಂದ ಏನೂ ಚೆನ್ನಾಗಿಲ್ಲಮ್ಮ,” ಅಂದ ಅಣ್ಣ.

ಅಷ್ಟರಲ್ಲಿ ಊರ ಮುಖಂಡ ಪ್ಯೋಗೆ ಸುದ್ದಿ ಮುಟ್ಟಿತು. ಪ್ಯೋಗೆ ಜೀವನದಲ್ಲಿ ಇರುವುದು ಒಂದೇ ಆಸ್ತಿ, ಕಂಬದ ಮೇಲಿನ ಧ್ವನಿವರ್ಧಕ. ಅದಕ್ಕೆ ಒಂದು ನೆಪ ಸಿಕ್ಕರೆ ಸಾಕು, ಊಟ ಬಿಟ್ಟು ಓಡುತ್ತಾನೆ.

“ಹಲೋ, ಹಲೋ. ಗ್ರಾಮಸ್ಥರಲ್ಲಿ ಹಾಗೂ ಸಮುದ್ರದಲ್ಲಿರೋ ಹಲಗೆಯವರಲ್ಲಿ ವಿನಂತಿ. ತಾಕ್ ಬೊಂಗು ಅವರ ಮನೆ ಮುಂದೆ ಭಾರೀ ಸಾಲು ಇದೆ. ಅಲ್ಲಿ ಏನು ಕೊಡ್ತಿದಾರೆ ಅಂತ ಯಾರಿಗೂ ಗೊತ್ತಿಲ್ಲ. ಏನೂ ಕೊಡ್ತಿಲ್ಲ ಅಂತ ನನ್ನ ಅಭಿಪ್ರಾಯ. ಆದ್ದರಿಂದ ಯಾರೂ ಅಲ್ಲಿಗೆ ಹೋಗಬಾರದು. ಹಂದಿಮಾಂಸದ ವಾಸನೆ ಬರ್ತಿರೋದು ನಿಜ. ನನಗೂ ಬರ್ತಿದೆ. ಆದ್ರೂ ಹೋಗಬಾರದು. ಇನ್ನೊಂದ್ಸಲ ಹೇಳ್ತೀನಿ. ತಾಕ್ ಬೊಂಗು ಮನೆ, ದೀಪಸ್ತಂಭದಿಂದ ಎಡಕ್ಕೆ ತಿರುಗಿ ಎರಡನೇ ಓಣಿ, ನೀಲಿ ಗೇಟು. ಅಲ್ಲಿಗೆ ಯಾರೂ ಹೋಗಬಾರದು.”

ಸಮುದ್ರ ಖಾಲಿಯಾಯಿತು. ಅಲೆಯ ಮೇಲೆ ನಿಂತಿದ್ದವರೂ ಹಾಗೇ ದಂಡೆಗೆ ಬಂದು, ಹಲಗೆ ಕಂಕುಳಲ್ಲಿ ಇಟ್ಟುಕೊಂಡು, ಎಡಕ್ಕೆ ತಿರುಗಿ ಎರಡನೇ ಓಣಿಗೆ ಬಂದರು. ಅವರ ಹಿಂದೆ ಪ್ಯೋ ಕೂಡ ಬಂದ.

ಸಾಲು ಹಿಂದಕ್ಕೆ ಬೆಳೆಯಿತೇ ಹೊರತು ಮುಂದಕ್ಕೆ ಸರಿಯಲಿಲ್ಲ. ಅಣ್ಣ ತಾಳಲಾರದೆ ಪಕ್ಕದ ಕಾಫಿ ಅಂಗಡಿಯ ಒಳಗಿನಿಂದ ಹೋಗಿ ಗೋಡೆ ಹಾರುವ ಯೋಚನೆ ಮಾಡಿದ. ಅದು ಮೊದಲು ನಮ್ಮ ದೊಡ್ಡಪ್ಪನ ಮನೆ. ಹಿತ್ತಲಲ್ಲಿ ಮೂಲಂಗಿ ಪಾತಿ ಇದ್ದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಆ ಪಾತಿಯ ಮೇಲೆ ಕಾಲಿಟ್ಟು ಗೋಡೆ ಹತ್ತಬೇಕು ಎಂದು ಓಡಿದ. ಪಾತಿ ಇದ್ದ ಜಾಗದಲ್ಲಿ ಈಗ ಫೋಟೊ ತೆಗೆಸಿಕೊಳ್ಳಲು ಕಟ್ಟಿದ ಕೊಳ. ಆಕಾಶದ ಬಣ್ಣವೇ ಅದಕ್ಕೆ ಇರುವುದರಿಂದ ಅದು ಇದೆ ಎಂದೇ ಗೊತ್ತಾಗುವುದಿಲ್ಲ. ಅಣ್ಣನಿಗೆ ಸೊಂಟದವರೆಗೆ ಮುಳುಗಿದ ಮೇಲೆ ಗೊತ್ತಾಯಿತು. ಅಲ್ಲಿ ಮದುವೆಯ ಫೋಟೊ ತೆಗೆಸುತ್ತಿದ್ದ ಜೋಡಿ ಕಿರುಚಿತು. ಸೂಟು, ಟೈ ಎಲ್ಲ ಸರಿಯಾಗಿದ್ದುದರಿಂದ ಫೋಟೊದವನು, “ಮದುಮಗನ ಅಪ್ಪನಾ? ಸ್ವಲ್ಪ ಎಡಕ್ಕೆ ಬನ್ನಿ,” ಅಂದನಂತೆ.

ನಡುಗುತ್ತ ಬೀದಿಗೆ ಬಂದವನನ್ನು ಹಲಗೆ ಬಾಡಿಗೆ ಕೊಡುವ ಹುಡುಗಿ ನೋಡಿ ಮರುಗಿ, ಒಳಗೆ ಎಳೆದುಕೊಂಡು ಹೋಗಿ, ಒಣಗಿದ ರಬ್ಬರ್ ದಿರಿಸೊಂದನ್ನು ತೊಡಿಸಿದಳು. ಚಳಿಗಾಲದ ದಿರಿಸು. ಪಾದದಿಂದ ನೆತ್ತಿಯವರೆಗೂ ಕಪ್ಪು. ಗಲ್ಲ, ಹಣೆ ಎಲ್ಲ ಮುಚ್ಚಿ ಕಣ್ಣು, ಮೂಗು, ಬಾಯಿ ಮಾತ್ರ ಕಾಣುವಂಥದ್ದು. ಅಣ್ಣ ಅದರಲ್ಲಿ ನೀರುನಾಯಿಯ ಹಾಗೆ ಮಿಂಚುತ್ತ ಮತ್ತೆ ಸಾಲಿನ ಬಾಲಕ್ಕೆ ಬಂದ. ಈ ಸಲ ಅವನ ಮುಂದೆ ನಿಂತಿದ್ದವನು ಮುಖಂಡ ಪ್ಯೋ. ಐವತ್ತು ವರ್ಷದ ಗೆಳೆತನ. ಪ್ಯೋ ತಿರುಗಿ ನೋಡಿ, “ಎಲ್ಲಿಯವನಪ್ಪಾ ನೀನು? ಬೂಸಾನಿನ ಕಡೆಯವನಾ?” ಎಂದು ಕೇಳಿದ.

ಅಣ್ಣ ಉಸಿರೆತ್ತದೆ ತಲೆಯಾಡಿಸಿದ.

ಇತ್ತ ಅಂಗಳದಲ್ಲಿ ಏನಾಯಿತೆಂದರೆ, ಅತ್ತಿಗೆ ಕೊನೆಗೂ ತಲೆಯೆತ್ತಿ ಗೇಟಿನ ಕಡೆ ನೋಡಿದಳು.

“ಮಾಲ್ಸುನ್, ಇದೇನೇ ಇಷ್ಟು ಜನ? ಎಲ್ರಿಗೂ ಒಂದೇ ಸಲ ಅವಸರ ಆಯ್ತಾ?”

“ಅವಸರದವ್ರು ಯಾರೂ ಕಾಣ್ತಿಲ್ಲ ಅತ್ತಿಗೆ. ಹಸಿದವ್ರ ಥರ ಇದಾರೆ.”

ಕಿಮ್ಚಿ ಹಾಕುವ ದಿನಕ್ಕೆ ನಮ್ಮಲ್ಲಿ ಎರಡೇ ಕಟ್ಟಳೆ. ಗೇಟಿನ ಹತ್ತಿರ ಬಂದವರನ್ನು ಬರಿಬಾಯಲ್ಲಿ ಕಳಿಸಬಾರದು. ತಿಂದವರನ್ನು ಬರಿಗೈಯಲ್ಲಿ ಕೂರಿಸಬಾರದು. ಅತ್ತಿಗೆ ಎದ್ದು, ಬೆಂದ ಮಾಂಸದ ತುಂಡನ್ನು ಖಾರ ಮೆತ್ತಿದ ಎಲೆಯಲ್ಲಿ ಸುತ್ತಿ, ಸಾಲಿನ ಮೊದಲನೆಯವಳ ಬಾಯಿಗೆ ತುರುಕಿದಳು. ಅವಳ ಕಣ್ಣಲ್ಲಿ ನೀರು ಬಂತು. ಖಾರಕ್ಕೋ ರುಚಿಗೋ ಗೊತ್ತಿಲ್ಲ. ನುಂಗುವಷ್ಟರಲ್ಲಿ ನಾನು ಅವಳ ಕೈಗೆ ಕೆಂಪು ಕೈಗವಸು ತೊಡಿಸಿ ಕೋಸಿನ ಮುಂದೆ ಕೂರಿಸಿದ್ದೆ.

“ಕೆಲಸಾನೂ ಮಾಡೋಕೆ ಬಿಡ್ತಾರೆ!” ಎಂದು ಅವಳು ಸಾಲಿಗೆ ಕೂಗಿ ಹೇಳಿದಳು. ಸಾಲು ಚಪ್ಪಾಳೆ ತಟ್ಟಿತು. ಸಿಯೋಲಿನವರಿಗೆ ಪುಕ್ಕಟೆ ಊಟಕ್ಕಿಂತ ಪುಕ್ಕಟೆ ದುಡಿಮೆ ಹೆಚ್ಚು ಇಷ್ಟ ಎಂದು ನನಗೆ ಗೊತ್ತಾದದ್ದು ಅವತ್ತೇ. ಅದೂ ಅಲ್ಲದೆ, ರಬ್ಬರ್ ದಿರಿಸಿಗಿಂತ ಒಳ್ಳೆಯ ಉಡುಪು ಕಿಮ್ಚಿ ಹಾಕಲು ಇನ್ನೊಂದಿಲ್ಲ. ಖಾರ ಅಂಟಿದರೆ ಒಂದು ಚೊಂಬು ನೀರು ಸುರಿದರೆ ಹೋಯಿತು. ಹಲಗೆಗಳನ್ನು ಇಟ್ಟಿಗೆಯ ಮೇಲೆ ಸಾಲಾಗಿ ಮಲಗಿಸಿ ಮೇಜು ಮಾಡಿಕೊಂಡೆವು. ದೀಪಸ್ತಂಭದ ಪಕ್ಕದ ಮನೆಯ ಅಜ್ಜಿ, ಸಮುದ್ರಕ್ಕೆ ಇಂಥ ಹಲಗೆ ಒಯ್ಯುವುದು ವ್ಯರ್ಥ, ಇವು ಹುಟ್ಟಿರುವುದೇ ಕೋಸಿಗೆ ಎಂದು ತೀರ್ಪು ಕೊಟ್ಟಳು.

ತಾಲ್ಲೂಕು ಕಚೇರಿಯಿಂದ ನೈರ್ಮಲ್ಯದ ಅಧಿಕಾರಿಣಿಯೂ ಬಂದಳು. ಪಕ್ಕದ ಕಾಫಿ ಅಂಗಡಿಯವರ ದೂರು.

“ಇಲ್ಲಿ ಲೈಸೆನ್ಸಿಲ್ದೆ ಊಟ ಮಾರ್ತಿದೀರಂತೆ. ಯಜಮಾನರು ಯಾರು?”

“ಯಜಮಾನ್ರು ಓಡಿ ಹೋಗಿದಾರೆ,” ಅಂದಳು ಅತ್ತಿಗೆ. “ಮಾರೋದು ಅವರ ಕೆಲಸ. ನಾನು ಏನೂ ಮಾರ್ತಿಲ್ಲ, ಬಾಯಿಗೆ ತುರುಕ್ತಿದೀನಿ ಅಷ್ಟೇ.”

“ಕಾನೂನಿನ ಪ್ರಕಾರ ಸಾರ್ವಜನಿಕರಿಗೆ...”

ಬಾಯಿ ತೆರೆದದ್ದೇ ತಪ್ಪಾಯಿತು. ಅಜ್ಜಿ ಕಾಯುತ್ತಿದ್ದಳು. ಅಧಿಕಾರಿಣಿ ಬಹಳ ಹೊತ್ತು ಅಗಿದಳು. ಆಮೇಲೆ ತನ್ನ ಅಮ್ಮ ಹಾಕುತ್ತಿದ್ದ ಕಿಮ್ಚಿಯ ವಿಷಯ ಹೇಳಲು ಶುರುಮಾಡಿ, ತಾನೇ ಕೈಗವಸು ಎಲ್ಲಿ ಎಂದು ಕೇಳಿದಳು.

ಕೊನೆಗೂ ಅಣ್ಣನ ಸರದಿ ಬಂತು. ಅತ್ತಿಗೆಗೆ ಕಂಡದ್ದು ಇನ್ನೊಂದು ಕಪ್ಪು ರಬ್ಬರ್ ಪ್ರಾಣಿ. ನನಗೂ ಅಷ್ಟೇ.

“ಬಾಯಿ ಬಿಡಪ್ಪಾ. ಅಯ್ಯೋ ಪಾಪ, ಹೇಗೆ ನಡುಗ್ತಿದೆ ನೋಡು ಮಗು. ದೊಡ್ಡ ತುಂಡು ಕೊಡ್ತೀನಿ ತಡಿ.” ಹಂಡೆಯ ತಳದಿಂದ ಕೊಬ್ಬಿದ ತುಂಡು ಆರಿಸಿ, ಊದಿ ಆರಿಸಿ, ಬಾಯಿಗಿಟ್ಟಳು. “ತಿನ್ನು. ಮುಂದಿನ ವರ್ಷ ಬಂದ್ರೆ ಈ ಅಂಗಳ ಇರಲ್ಲ. ನನ್ನ ಗಂಡ ಅನ್ನೋ ಕತ್ತೆ ಇವತ್ತು ಮಾರ್ತಿದೆ. ನಿಂಗೆ ಮದುವೆ ಆಗಿದೆಯಾ?”

ರಬ್ಬರ್ ಪ್ರಾಣಿ ಹೌದೆಂದು ತಲೆಯಾಡಿಸಿತು.

“ಹೆಂಡ್ತೀನ ಕೇಳ್ದೆ ಮನೆ ಮಾರ್ತೀಯಾ?”

ಪ್ರಾಣಿ ಇಲ್ಲವೆಂದು ತಲೆಯಾಡಿಸಿತು. ಬಹಳ ಜೋರಾಗಿ.

“ನೋಡೇ ಮಾಲ್ಸುನ್! ಎಲ್ಲಿಯದೋ ಹುಡುಗ, ಇವನಿಗಿರೋ ಬುದ್ಧಿ ನಿಮ್ಮಣ್ಣನಿಗಿಲ್ಲ! ಆ ಮನುಷ್ಯನಿಗೆ ಲಿಫ್ಟ್ ಬೇಕಂತಪ್ಪಾ. ಬೀಗರಿಗೆ ಹೇಳೋಕೂ ನಾಚಿಕೆ. ಅತ್ತೆ ತೋಡಿಸಿದ ಬಾವಿ ಬಿಟ್ಟು, ನನ್ನನ್ನ ಒಂದು ಡಬ್ಬಿಯೊಳಗೆ ನಿಲ್ಲಿಸಿ ಮೇಲೆತ್ತಿಸ್ತಾನಂತೆ. ಯಾಕಪ್ಪಾ, ಖಾರ ಆಯ್ತಾ? ಕಣ್ಣಲ್ಲಿ ನೀರು?”

ಕೈಗವಸು ತೊಡಿಸಿದ್ದೇ ತಡ, ಪ್ರಾಣಿ ನೇರ ಕೋಸಿನ ಗುಡ್ಡದ ಕಡೆಗೆ ಹಾರಿತು. ಒಂದೊಂದನ್ನೂ ಎತ್ತಿ, ಎಲೆ ಎಲೆ ಬಿಡಿಸಿ, ಮೂಗಿನ ಹತ್ತಿರ ಹಿಡಿದು ನೋಡಿ ಬಿಸಾಡತೊಡಗಿತು. ಆಮೇಲೆ ಆಗಲೇ ಮಸಾಲೆ ತುಂಬಿ ಕಟ್ಟಿಟ್ಟಿದ್ದಕ್ಕೂ ಕೈಹಾಕಿತು.

“ಏಯ್! ಯಾರವನು, ಕೋಸಿಗೆ ಹೇನು ನೋಡ್ತಿರೋನು?” ಎಂದು ನಾನು ಕೂಗಿದೆ. “ತುಂಬೋಕೆ ಕೂರ್ಸಿದ್ರೆ ಬಿಚ್ಚಿಡ್ತಿದೀಯಾ?”

ಅದು ಕಿವಿಗೇ ಹಾಕಿಕೊಳ್ಳಲಿಲ್ಲ. ನಾನು ಮೂಲಂಗಿ ಎತ್ತಿ ಬೆನ್ನಿಗೆ ಎಸೆದೆ. ರಬ್ಬರಿನ ಮೇಲೆ ಬಿದ್ದು ವಾಪಸು ಬಂತು.

ಇದೇ ಹೊತ್ತಿಗೆ ಗೇಟಿನಲ್ಲಿ ಗಲಾಟೆ. ನಾಮ್ಗುಂಗ್ ಬಂದಿದ್ದ.

“ದಾರಿ ಬಿಡಿ. ನಾನು ಈ ಮನೆ ಕೊಳ್ಳೋಕೆ ಬಂದಿರೋನು.”

“ಆಗ್ಲೇ ಒಬ್ರು ಬಂದು ಇದು ನನ್ನ ಮನೆ ಅಂದ್ರು,” ಅಂದ ಹಸಿರು ಕೂದಲಿನವನು. “ಈಗ ನೀವು ಕೊಳ್ತೀನಿ ಅಂತೀರಾ. ಇನ್ನೊಬ್ರು ಬಂದು ಕಟ್ಟಿದ್ದೇ ನಾನು ಅಂತಾರೆ. ಹಿಂದೆ ಹೋಗ್ರೀ ಸಾರ್!”

ನಾಮ್ಗುಂಗ್ ಸಾಲು ನಿಂತು ಬೆಳೆದವನಲ್ಲ. ಕೋಟಿನ ಅಂಚು ಎತ್ತಿ ಹಿಡಿದು ನುಗ್ಗಿಯೇ ಬಿಟ್ಟ. ಒಳಗೆ ಬಂದು ಅಂಗಳ ನೋಡಿ, ತನ್ನ ಅಳತೆಯ ಬಿಳಿ ಗೋಡೆಗಳನ್ನೂ ಮೌನವನ್ನೂ ಮನಸ್ಸಿನಲ್ಲೇ ಜೋಡಿಸುತ್ತಿದ್ದವನ ಹಾಗೆ ಒಂದು ಕಣ್ಣು ಮುಚ್ಚಿದ. ಆಮೇಲೆ, “ತಾಕ್ ಅವರು ಎಲ್ಲಿ? ಮೊಹರು ತಯಾರಾಗಿದೆ ಅಂದಿದ್ರು...” ಎಂದು ಬಾಯ್ತೆರೆದ.

ತೆರೆದ ಬಾಯಿ ಅಜ್ಜಿಯ ಕಣ್ಣಿಗೆ ಬಿತ್ತು. ಅವಳು ಪಕ್ಕದಲ್ಲಿದ್ದ ಕೋಸಿನ ತಿರುಳಿನಿಂದ ಒಂದು ಉದ್ದನೆಯ ಎಲೆ ಕಿತ್ತು, ಮಾಂಸ ಸೇರಿಸಿ ಮಡಿಸಿ, ಕಾಲ್ಬೆರಳ ಮೇಲೆ ನಿಂತು ಒಳಗೆ ಒತ್ತಿದಳು. ಎಂಬತ್ತರ ಅಜ್ಜಿ ಬಾಯಿಗಿಟ್ಟದ್ದನ್ನು ಉಗುಳುವಷ್ಟು ಯಾವ ಸಾಹುಕಾರನೂ ಕೆಟ್ಟಿರುವುದಿಲ್ಲ. ಅವನು ಕಚ್ಚಿದ.

ಕಟಕ್!

ಇಡೀ ಅಂಗಳಕ್ಕೆ ಕೇಳಿಸಿತು. ಕಪ್ಪು ರಬ್ಬರ್ ಪ್ರಾಣಿ ಎರಡೂ ಕೈ ಮೇಲೆತ್ತಿ ಕಿರುಚಿತು:

“ಅಯ್ಯಯ್ಯೋ, ನನ್ನ ಮೊಹರು!”

ಆ ಗಂಟಲು ನಮ್ಮ ಓಣಿಯ ನಾಯಿಗೂ ಗೊತ್ತು. ಪ್ಯೋ ಬಾಯಲ್ಲಿದ್ದದ್ದನ್ನು ನುಂಗಿ, “ಬೊಂಗು! ಬೂಸಾನಿನಿಂದ ಯಾವಾಗ ಬಂದೆ?” ಎಂದ. ನಾಮ್ಗುಂಗ್ ಕೈಗೆ ಉಗುಳಿದ. ಅಂಗೈಯಲ್ಲಿ ಕೊಂಬಿನ ಮೊಹರು, ಅದರ ಪಕ್ಕದಲ್ಲಿ ಬಿಳಿಯ ಹಲ್ಲಿನ ಚೂರು, ಅವುಗಳ ಕೆಳಗೆ ಖಾರದ ಕೆಂಪಿನಲ್ಲಿ ಅಚ್ಚಾಗಿ ಮೂಡಿದ ಹೆಸರು: ತಾಕ್ ಬೊಂಗು.

ಅತ್ತಿಗೆ ನಾಮ್ಗುಂಗನ ಅಂಗೈಯಿಂದ ಮೊಹರು ಎತ್ತಿಕೊಂಡು, ಬಾವಿಯ ನೀರಿನಲ್ಲಿ ತೊಳೆದು, ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆಯಲ್ಲಿ ಒರೆಸಿ, ಗಂಡನ ಮುಂದೆ ಹಿಡಿದಳು.

“ತಗೊಳ್ರೀ. ಒತ್ತಿ.”

ಅಂಗಳದಲ್ಲಿ ಎಲ್ಲರ ಕೈಯೂ ಕೋಸಿನೊಳಗೇ ನಿಂತಿತು. ಗೇಟಿನಾಚೆಯ ಸಾಲೂ ಕತ್ತು ಚಾಚಿತು. ನಾಮ್ಗುಂಗ್ ಒಂದು ಕೈಯಲ್ಲಿ ದವಡೆ ಹಿಡಿದು ಇನ್ನೊಂದರಿಂದ ಕೋಟಿನೊಳಗಿಂದ ಕಾಗದ ತೆಗೆದ.

ಅಣ್ಣ ಮೊಹರು ನೋಡಿದ. ಕಾಗದ ನೋಡಿದ. ತುಟಿಯ ಮೇಲೆ ಉಳಿದಿದ್ದ ಕೊಬ್ಬನ್ನು ನಾಲಿಗೆಯಿಂದ ಒರೆಸಿಕೊಂಡ.

“ಆಗಲ್ಲ ಸ್ವಾಮಿ,” ಅಂದ. “ಕೈಯೆಲ್ಲ ಖಾರ.”

“ತೊಳ್ಕೊಳ್ಳಿ!” ಅಂದ ನಾಮ್ಗುಂಗ್. ಹಲ್ಲಿಲ್ಲದ ಸಂದಿನಿಂದ ಸಿಳ್ಳೆಯೂ ಬಂತು.

“ತಿಂದೋರು ಕೆಲಸ ಮುಗಿಸ್ದೆ ಕೈ ತೊಳೆಯೋ ಹಾಗಿಲ್ಲ. ನಮ್ಮ ಕಡೆ ಹಾಗೇ. ನಾನು ತಿಂದಿದೀನಿ, ಅದೂ ದೊಡ್ಡ ತುಂಡು. ಇಷ್ಟು ದೊಡ್ಡ ತುಂಡು ಈ ಮನೇಲಿ ನನಗೆ ಯಾವತ್ತೂ ಸಿಕ್ಕಿರ್ಲಿಲ್ಲ.” ಆಮೇಲೆ ನಾಮ್ಗುಂಗನ ಕಡೆ ಬೆರಳು ತೋರಿಸಿದ. “ಅಂದ ಹಾಗೆ, ನೀವೂ ತಿಂದಿದೀರಿ.”

ಅಣ್ಣನ ಬಾಯಿಂದ ಹುಟ್ಟಿದಾಗಿನಿಂದ ಬಂದ ಒಂದೇ ಒಂದು ಸರಿಯಾದ ಮಾತು ಅದು. ಅಷ್ಟು ಸಾಕಾಗಿತ್ತು ನಮಗೆ. ನಾನೂ ಅಜ್ಜಿಯೂ ಎರಡು ಕಡೆಯಿಂದ ಹೋಗಿ ನಾಮ್ಗುಂಗನ ಕೋಟು ಕಳಚಿದೆವು. ಕೆಡಬಾರದೆಂದು ಬೊಂಡಾಸ ಮೀನು ಒಣಗಿಸುವ ತಂತಿಯ ಮೇಲೆ, ಎರಡು ಮೀನುಗಳ ನಡುವೆ, ಜೋಪಾನವಾಗಿ ತೂಗುಹಾಕಿದೆವು. ಕೈಗವಸು ತೊಡಿಸಿ, ಅಧಿಕಾರಿಣಿಯ ಪಕ್ಕ ಕೂರಿಸಿದೆವು.

“ನಿಧಾನಕ್ಕೆ ತುಂಬಿ,” ಅಂದಳು ಅತ್ತಿಗೆ, ಬಹಳ ಮರ್ಯಾದೆಯಿಂದ. “ಕಲಿತರೆ ನಿಮಗೇ ಒಳ್ಳೇದು. ಮನೆ ಕೊಂಡ್ರೆ ಪ್ರತಿ ವರ್ಷ ಮಾಡ್ಬೇಕಲ್ಲ.”

“ಪ್ರತಿ ವರ್ಷ?”

“ಮತ್ತೆ? ನಾವೆಲ್ಲ ಇನ್ನೆಲ್ಲಿಗೆ ಹೋಗೋಣ? ಮನೆ ನಿಮ್ಮದಾದ್ರೂ ಅಂಗಳ ನಮ್ಮದೇ ಅಲ್ವಾ? ಪೇಟೆಯಿಂದಾನೂ ಬರ್ತೀವಿ. ಬಸ್ಸು ಮಾಡ್ಕೊಂಡು.”

“ಹಂದಿ ನೀವು ತಂದ್ಬಿಡಿ ಸಾಹುಕಾರ್ರೇ,” ಅಂದಳು ಅಜ್ಜಿ. “ಸಣ್ಣದು ತರ್ಬೇಡಿ.”

ಅಷ್ಟರಲ್ಲಿ ಹೊಸ ಯಜಮಾನ ಇವನೇ ಎಂಬ ಸುದ್ದಿ ಸಾಲಿನ ಬಾಲದವರೆಗೆ ಹೋಗಿ ವಾಪಸು ಬಂದಿತ್ತು.

“ಸಾರ್, ನಾಳೆ ಎಷ್ಟು ಹೊತ್ತಿಗೆ ಬಾಗಿಲು ತೆಗೀತೀರಾ?”

“ಸಾರ್, ಇವತ್ತು ಸಿಗದಿದ್ದೋರಿಗೆ ನಾಳೆ ಮೊದಲು ಕೊಡ್ತೀರಾ?”

“ಸಾರ್, ನೀವು ಬಂದ್ಮೇಲೂ ಪುಕ್ಕಟೆ ತಾನೇ? ಬದಲಾಯಿಸ್ಬೇಡಿ ಸಾರ್, ಇದೊಂದಾದ್ರೂ!”

“ಸಾರ್, ಕಕ್ಕಸು ಮಾತ್ರ ಇನ್ನೊಂದು ಕಟ್ಸಿ,” ಅಂದ ಹಸಿರು ಕೂದಲಿನವನು. ಅವನಿಗೆ ಮತ್ತೆ ಅವಸರವಾಗಿತ್ತು.

ಪ್ಯೋ ಎದ್ದು ನಿಂತು, ಈ ಸಂತೋಷದ ವಿಷಯವನ್ನು ಊರಿಗೆಲ್ಲ ತಿಳಿಸುವುದು ತನ್ನ ಕರ್ತವ್ಯ ಎಂದು ಹೇಳಿ ಧ್ವನಿವರ್ಧಕದ ಕಡೆ ಓಡಿದ.

ನಾಮ್ಗುಂಗ್ ಕೈಯಲ್ಲಿದ್ದ ಕೋಸನ್ನು ನಿಧಾನವಾಗಿ ಕೆಳಗಿಟ್ಟ. ಅದನ್ನು ತುಂಬಿದ್ದು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಎದ್ದು ನಿಂತು, ಎರಡೂ ಕೆಂಪು ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು, “ಕಾರಿನಲ್ಲಿ ಒಂದು ಫೋನ್ ಮಾಡ್ಬೇಕು. ಈಗ ಬಂದೆ,” ಅಂದ.

“ಬೇಗ ಬನ್ನಿ,” ಅಂದ ಅಣ್ಣ. “ಬಂದಾಗ ಸಾಲಿನಲ್ಲಿ ಬರ್ಬೇಕಾಗತ್ತೆ.”

ನಾಮ್ಗುಂಗ್ ಗೇಟು ದಾಟಿದ. ‘ಕ್ಷೌರದಂಗಡಿ’ ದಾಟಿದ. ‘ಅಕ್ಕಿ ಗಿರಣಿ’ಯ ಹತ್ತಿರ ನಡಿಗೆ ಓಟವಾಯಿತು. ಕಂಬದ ಮೇಲಿನಿಂದ ಪ್ಯೋ, “ಹಲೋ, ಹಲೋ,” ಎನ್ನುವಷ್ಟರಲ್ಲಿ ಕಾರು ದೀಪಸ್ತಂಭದ ತಿರುವಿನಲ್ಲಿ ಮಾಯವಾಗಿತ್ತು. ಅವನ ಕೈಯಲ್ಲಿ ನಮ್ಮ ಕೈಗವಸುಗಳು ಹಾಗೇ ಇದ್ದವು.

ಅಣ್ಣ ಈಗಲೂ ಒಮ್ಮೊಮ್ಮೆ ಲಿಫ್ಟಿನ ಮಾತೆತ್ತುತ್ತಾನೆ. ಆಗ ಅತ್ತಿಗೆ ಬಾವಿಯ ಹಗ್ಗ ಅವನ ಕೈಗೆ ಕೊಟ್ಟು, “ಎಳೀರಿ, ಮೇಲಕ್ಕೆ ಬರತ್ತೆ,” ಅನ್ನುತ್ತಾಳೆ. ಮೊಹರು ಎಲ್ಲಿದೆ ಎಂದು ಅವನಿಗೆ ಗೊತ್ತಿಲ್ಲ. ನನಗೆ ಗೊತ್ತು, ಹೇಳುವುದಿಲ್ಲ.

ಒಂಟೆ ಬಣ್ಣದ ಕೋಟು ಮಾತ್ರ ಒಂದು ವಾರ ತಂತಿಯ ಮೇಲೆಯೇ ಇತ್ತು. ಬರುತ್ತಾನೆ, ತೆಗೆದುಕೊಂಡು ಹೋಗುತ್ತಾನೆ ಎಂದು ಕಾದೆವು. ಬೊಂಡಾಸಗಳು ಒಣಗಿದವು, ಅವನು ಬರಲಿಲ್ಲ. ಆಮೇಲೆ ಮೊದಲ ಹಿಮ ಬಿದ್ದಾಗ, ಅಂಗಳದಲ್ಲಿ ಕತ್ತಿನವರೆಗೆ ಹೂತಿಟ್ಟ ಕಿಮ್ಚಿಯ ಗುಡಾಣಕ್ಕೆ ಅತ್ತಿಗೆ ಅದನ್ನು ಹೊದಿಸಿ, ಗುಂಡಿ ಹಾಕಿ, ಕೊರಳಪಟ್ಟಿ ಎತ್ತಿ ನಿಲ್ಲಿಸಿದಳು. ಬಹಳ ಬೆಚ್ಚಗಿನ ಕೋಟು. ಈ ವರ್ಷ ಕಿಮ್ಚಿ ಒಂದಿಷ್ಟೂ ಹೆಪ್ಪುಗಟ್ಟಿಲ್ಲ.